ಬೇಲಿಯಮ್ಮ ಬಿಟ್ಟ ಸಾಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕಾದ ಸುದ್ದಿ ನಡುವೆ ಎಲ್ಲಾದರೂ ನಿಂತುಹೋದರೆ ಎಲ್ಲರಿಗೂ ಮೊದಲು ನೆನಪಾಗುವವಳು ನಾನು. ಸರಿಹೋದ ಮೇಲೆ ನನ್ನನ್ನು ನೆನೆಯುವವರು ಯಾರೂ ಇಲ್ಲ. ಇಂಥ ಕೆಲಸದಲ್ಲಿದ್ದೂ ಸಿಟ್ಟು ಬಾರದವರು ಇದ್ದರೆ ನನಗೆ ತೋರಿಸಿ, ಕೈಮುಗಿಯುತ್ತೇನೆ. ಅಂಥವಳು ಒಬ್ಬಳಿದ್ದಾಳೆ, ನನ್ನ ಎದುರು ಮೇಜಿನಲ್ಲೇ ಕೂರುತ್ತಾಳೆ. ಅವಳನ್ನು ಎಲ್ಲರೂ ಬೇಲಿಯಮ್ಮ ಎನ್ನುತ್ತಾರೆ. ಈ ಕಥೆ ಅವಳದು.

ನಮ್ಮ ಕೋಣೆ ನೆಲಮಹಡಿಯ ಹಿಂಭಾಗದಲ್ಲಿದೆ. ಒಂದು ಪಕ್ಕದಲ್ಲಿ ಹಾಸಿಗೆಯ ಬಟ್ಟೆ ಮಡಿಸಿಡುವ ಕೋಣೆ, ಇನ್ನೊಂದು ಪಕ್ಕದಲ್ಲಿ ಗಾಜಿನ ಬಾಗಿಲಿನ ಆಚೆ ದೊಡ್ಡ ಕಂಪ್ಯೂಟರುಗಳಿಡುವ ತಣ್ಣನೆಯ ಕೋಣೆ. ಇರುವುದೊಂದೇ ಕಿಟಕಿ, ಅದೂ ಹಿತ್ತಿಲ ಕಡೆಗೆ. ಕಿಟಕಿಯ ಹೊರಗೋಡೆಗೆ ತುಕ್ಕು ಹಿಡಿದ ಒಂದು ಹಳೆಯ ಟೆಲಿಫೋನ್ ಡಬ್ಬ ಅಂಟಿಕೊಂಡಿದೆ. ಅದರೊಳಗಿನ ತಂತಿಗಳು ಸತ್ತು ಎಷ್ಟೋ ಕಾಲವಾಯಿತು. ಅದನ್ನು ಕೀಳಿಸಿ ಎಂದು ನಾನು ಬರೆದುಕೊಟ್ಟ ಅರ್ಜಿಗಳನ್ನು ಗುಡ್ಡೆ ಹಾಕಿದರೆ ಮೇಲೆ ಹತ್ತಿ ನಿಲ್ಲಬಹುದು.

ಬೇಲಿಯಮ್ಮ ಸಣಕಲು ಹೆಂಗಸು. ಬೇಸಿಗೆಯಲ್ಲೂ ಸ್ವೆಟರ್ ಹಾಕಿರುತ್ತಾಳೆ, ಆ ತಣ್ಣನೆಯ ಕೋಣೆಯ ಒಡನಾಟದಿಂದ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಾಳೆ. ಊಟ ಮಾಡುವಾಗ ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಡಬ್ಬಿಯ ಮುಚ್ಚಳ ಮುಚ್ಚುತ್ತಾಳೆ. ಯಾಕೆ ಎಂದು ಕೇಳಿದರೆ, ತೆರೆದಿಟ್ಟರೆ ಏನು ಉಪಯೋಗ ಎಂದು ನನ್ನನ್ನೇ ಕೇಳುತ್ತಾಳೆ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಕೋಣೆಯಲ್ಲಿ ಕೂದಲು ನರೆಸಿಕೊಂಡವರು. ಹಾಗಾಗಿ ಬಹುವಚನ ನಮ್ಮಿಬ್ಬರ ನಡುವೆ ಯಾವತ್ತೂ ಸುಳಿಯಲಿಲ್ಲ.

ಅವಳ ಕೆಲಸವನ್ನು ನನ್ನ ಅತ್ತೆಗೆ ಒಮ್ಮೆ ಹೀಗೆ ವಿವರಿಸಿದ್ದೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ವಸ್ತು ಯಾರದೋ ಅವರದೇ ಮಾತು. ನನ್ನ ಕಡತವನ್ನು ನಾನು ಯಾರಿಗೆ ಬೇಕಾದರೂ ತೋರಿಸಬಹುದು. ಇನ್ನು ಯಂತ್ರದ ಯಜಮಾನನಿಗಂತೂ ಎಲ್ಲ ಬಾಗಿಲೂ ತೆರೆದಿರುತ್ತದೆ. ಬೇಲಿಯಮ್ಮ ಬರೆಯುವುದು ಅದಕ್ಕೂ ಮೇಲಿನ ನಿಯಮ. ಈ ಪ್ರೋಗ್ರಾಮು ಇದನ್ನು ಓದಬಹುದು, ಅಲ್ಲಿ ಬರೆಯಬಹುದು, ಈ ಕೆಲಸ ಮಾಡಬಹುದು ಎಂದು ಸಾಲು ಸಾಲಾಗಿ ಬರೆದಿಡುತ್ತಾಳೆ. ಬರೆಯದೆ ಇರುವುದು ಅದಕ್ಕೆ ಇಲ್ಲ. ಓಡಿಸುವವನು ಜವಾನನಾಗಲಿ ಯಜಮಾನನಾಗಲಿ, ಆ ಪ್ರೋಗ್ರಾಮಿಗೆ ಅಷ್ಟೇ ಜಾಗ. ಅತ್ತೆ ಎಲ್ಲ ಕೇಳಿಸಿಕೊಂಡು, ಅಂದರೆ ಮನೆಗೆ ಹಿರಿಯರಿದ್ದ ಹಾಗೆ ಎಂದರು. ಹಿರಿಯರು ಎಂದರೆ ತಾವೇ ಎಂಬುದು ಅವರ ಮುಖದಲ್ಲಿ ಸ್ಪಷ್ಟವಾಗಿತ್ತು.

ಏನಾದರೂ ಬೇಕೆಂದು ಹೋದ ಡಾಕ್ಟರಿಗೂ ಗುಮಾಸ್ತನಿಗೂ ಅವಳದು ಒಂದೇ ಪ್ರಶ್ನೆ, ಯಾಕೆ ಬೇಕು ಎಂದು. ಅದಕ್ಕೇ ಆ ಹೆಸರು ಬಿತ್ತು. ಅದು ಅವಳ ಕಿವಿಗೂ ಬಿದ್ದಾಗ ನಕ್ಕಳು. "ಬೇಲಿ ಅಂದ ಮೇಲೆ ಗೇಟೂ ಇರುತ್ತೆ ಕಣೇ, ಅದು ಮಾತ್ರ ಯಾರ ಕಣ್ಣಿಗೂ ಬೀಳಲ್ಲ" ಎಂದಳು.

ನಮ್ಮಿಬ್ಬರಿಗೂ ಜಗಳ ಹತ್ತಿದ್ದು ದಾರಿಹೋಕನಿಂದ. ದಾರಿಹೋಕ ಎಂಬುದು ನನ್ನ ಕೆಲಸಕ್ಕೆ ಬಲಗೈಯಂಥ ಒಂದು ಸಣ್ಣ ಪ್ರೋಗ್ರಾಮಿಗೆ ನಾವಿಟ್ಟ ಹೆಸರು. ಇಲ್ಲಿಂದ ಹೊರಟ ಸುದ್ದಿ ಯಾವ ಯಾವ ನಿಲ್ದಾಣ ದಾಟಿ ಹೋಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ಅದು ಹುಡುಕಿಕೊಡುತ್ತದೆ. ದಾರಿಯ ಒಂದೊಂದು ನಿಲ್ದಾಣವನ್ನೂ "ಇದ್ದೀಯಾ?" ಎಂದು ಕೂಗುತ್ತದೆ. ಇದ್ದವರು ಓಗೊಡುತ್ತಾರೆ. ಓಗೊಡದ ಕಡೆ ಪರದೆಯ ಮೇಲೆ ಒಂದು ಚುಕ್ಕಿ ಬೀಳುತ್ತದೆ. ಚುಕ್ಕಿ ಬಿದ್ದ ಕಡೆ ನಾನು ಏಣಿ ಹೊತ್ತುಕೊಂಡು ಹೋಗುತ್ತೇನೆ, ಅಷ್ಟೇ.

ಹೀಗೆ ನೇರವಾಗಿ ತಂತಿಗೆ ಬಾಯಿ ಹಚ್ಚಿ ಕೂಗುವ ಅಧಿಕಾರ ಸಾಮಾನ್ಯ ಪ್ರೋಗ್ರಾಮಿಗೆ ಇರುವುದಿಲ್ಲ. ಅದಕ್ಕಾಗಿ ದಾರಿಹೋಕ ಯಜಮಾನನ ಅಧಿಕಾರದಲ್ಲೇ ಓಡುತ್ತಿತ್ತು. ಬೇಲಿಯಮ್ಮನ ಕಣ್ಣು ಅದರ ಮೇಲೆ ಬಿತ್ತು. ಪಾಪ, ದಾರಿ ಕೇಳುವ ಪ್ರಾಣಿ, ಅದನ್ನು ಯಾಕೆ ಕಟ್ಟುತ್ತೀಯ ಎಂದು ನಾನು ರೇಗಿದೆ. "ದಾರಿ ಕೇಳೋನ ಸೊಂಟದಲ್ಲಿ ಇಡೀ ಮನೆಯ ಬೀಗದ ಕೈ ಯಾಕೆ ನೇತಾಡ್ಬೇಕು?" ಎಂದಳು. ಯಾವನೋ ಕಳ್ಳ ಆ ಪ್ರೋಗ್ರಾಮನ್ನೇ ಯಾಮಾರಿಸಿದರೆ ರೋಗಿಗಳ ಕಾಗದಪತ್ರವೆಲ್ಲ ಅವನ ಕೈಯಲ್ಲಿ. ಕಾಯಿಲೆ ಹುಡುಕುವುದಕ್ಕೆ ಇಟ್ಟುಕೊಂಡದ್ದೇ ಕಾಯಿಲೆ ತಂದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬೇಲಿಯಮ್ಮನ ಬಾಯಲ್ಲೇ ಕೇಳಬೇಕಾಯಿತು.

ಅವಳು ಯಾವುದಕ್ಕೂ ಏಕಾಏಕಿ ಬೇಲಿ ಹಾಕುವವಳಲ್ಲ. ಮೊದಲು ಆ ಪ್ರೋಗ್ರಾಮನ್ನು ಗೊಣಗುವ ಸ್ಥಿತಿಗೆ ಹಾಕುತ್ತಾಳೆ. ಅಂದರೆ ಅದು ಏನು ಮಾಡಿದರೂ ತಡೆಯುವುದಿಲ್ಲ. ಇಲ್ಲಿ ಹೋಯಿತು, ಅದನ್ನು ಮುಟ್ಟಿತು ಎಂದು ಯಂತ್ರ ಗೊಣಗಿಕೊಂಡು ಬರೆದಿಡುತ್ತದೆ. ಕೆಲವು ವಾರ ಹಾಗೆ ನೋಡಿ, ನಿಜಕ್ಕೂ ಬೇಕಾದದ್ದಕ್ಕೆ ಮಾತ್ರ ದಾರಿ ಬಿಟ್ಟು, ಆಮೇಲೆ ತಡೆಯುವ ಸ್ಥಿತಿಗೆ ತಿರುಗಿಸುತ್ತಾಳೆ. ಗೊಣಗುವ ಸ್ಥಿತಿ ನನಗೆ ಹೊಸದಲ್ಲ. ಮದುವೆಯಾದಾಗಿನಿಂದ ನಮ್ಮತ್ತೆ ಅದೇ ಸ್ಥಿತಿಯಲ್ಲಿದ್ದಾರೆ. ಎಲ್ಲವನ್ನೂ ಗಮನಿಸುತ್ತಾರೆ, ಯಾವುದನ್ನೂ ತಡೆಯುವುದಿಲ್ಲ, ಒಂದನ್ನೂ ಮರೆಯುವುದಿಲ್ಲ.

ದಾರಿಹೋಕನಿಗೂ ಹಾಗೇ ಬೇಲಿ ಬಿತ್ತು. ಬಿದ್ದ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಲ್ಯಾಬಿನ ರಿಪೋರ್ಟುಗಳು ಮೇಲಿನ ವಾರ್ಡುಗಳಿಗೆ ಹೋಗದೆ ನಿಂತವು. ನರ್ಸುಗಳು ಕಾಗದ ಹಿಡಿದು ಮೆಟ್ಟಿಲು ಹತ್ತಿ ಇಳಿಯತೊಡಗಿದರು. ನಾನು ದಾರಿಹೋಕನನ್ನು ಕರೆದು ವಾರ್ಡಿನ ಯಂತ್ರದ ಹೆಸರು ಹೊಡೆದೆ. ಅದು ಅನುಮತಿ ಇಲ್ಲ ಎಂದು ಸುಮ್ಮನಾಯಿತು. ನನ್ನ ತಲೆ ಕೆಟ್ಟುಹೋಯಿತು. ಇಡೀ ಕಾರಿಡಾರಿಗೆ ಕೇಳುವ ಹಾಗೆ ಕೂಗಾಡಿದೆ. ಸೂಪರಿಂಟೆಂಡೆಂಟ್ ಸಾಹೇಬರೂ ಇಳಿದುಬಂದು, ಆ ಬೇಲಿ ಗೀಲಿ ಎಲ್ಲ ಮೊದಲು ತೆಗೀರಿ ಎಂದರು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗತ್ತಾ ಸರ್?" ಎಂದು ಬೇಲಿಯಮ್ಮ ಮೆಲ್ಲಗೆ ಕೇಳಿದಳು. ಕೇಳುತ್ತಲೇ, ಯಂತ್ರ ಯಾವುದನ್ನು ತಡೆದಿದೆ ಎಂದು ಓದಿದಳು. ಯಾವ ಹೆಸರಿನ ಯಂತ್ರಕ್ಕೆ ಯಾವ ನಂಬರು ಎಂದು ಬರೆದಿಟ್ಟ ಒಂದು ಪುಟ್ಟ ಕಡತವಿದೆ. ದಾರಿಹೋಕ ಅದನ್ನು ತೆರೆಯಲು ಹೋಗಿ ತಡೆಸಿಕೊಂಡಿತ್ತು. ಒಂದೇ ಒಂದು ಸಾಲು ಸೇರಿಸಿದಳು. ಆ ಕಡತವನ್ನು ಓದಬಹುದು, ಓದುವುದು ಮಾತ್ರ. ದಾರಿಹೋಕ ಹೊರಟಿತು, ಮೇಲಿನ ಮಹಡಿಯಲ್ಲಿ ಒಂದು ಚುಕ್ಕಿ ಬಿತ್ತು. ನಾನು ಏಣಿ ಹೊತ್ತು ಹೋಗಿ ನೋಡಿದರೆ ಯಾರೋ ಪುಣ್ಯಾತ್ಮರು ಸುದ್ದಿ ದಾಟಿಸುವ ನಮ್ಮ ಪೆಟ್ಟಿಗೆಯ ಪ್ಲಗ್ ಕಿತ್ತು ನೀರು ಕಾಯಿಸುವ ಕೆಟಲ್ ಸಿಕ್ಕಿಸಿದ್ದರು.

ಆ ದಿನ ಊಟದ ಹೊತ್ತಿನಲ್ಲಿ ಅವಳು ಡಬ್ಬಿ ತೆರೆಯಲೇ ಇಲ್ಲ. ಆಸ್ಪತ್ರೆಯ ಎಲ್ಲ ಯಂತ್ರಗಳ ನಂಬರೂ ಅವಳಿಗೆ ಬಾಯಿಪಾಠ. ಗೊಣಗುವ ಸ್ಥಿತಿಯ ಅಷ್ಟೂ ವಾರ ಸುದ್ದಿ ಎಲ್ಲೂ ನಿಲ್ಲದೆ ನನಗೆ ದಾರಿಹೋಕ ಬೇಕಾಗಿರಲಿಲ್ಲ. ಅದನ್ನು ಓಡಿಸಿ ನೋಡಿದವಳು ಅವಳೇ, ಪ್ರತಿ ಸಲವೂ ನಂಬರಿನಿಂದಲೇ. ಹೆಸರಿನ ಕಡತ ಅದಕ್ಕೆ ಬೇಕಾಗಲೇ ಇಲ್ಲ. ನನ್ನಂತೆ ಹೆಸರು ಹೊಡೆಯುವವರು ಇದ್ದಾರೆ ಎಂಬುದು ಅವಳಿಗೆ ಹೊಳೆಯಲಿಲ್ಲ.

"ತಪ್ಪು ನಂದೇ" ಎಂದಳು. "ನಾನೇ ಓಡಿಸಿ ನಾನೇ ನೋಡಿದೆ. ನಾನಿಲ್ಲದಾಗ ಅದು ಏನು ಮಾಡುತ್ತೆ ಅಂತ ನೋಡಲೇ ಇಲ್ಲ."

ದೀಪದ ಬುಡದಲ್ಲೇ ಕತ್ತಲೆ ಬಿಡು ಎಂದು ನಾನು ಸಮಾಧಾನ ಹೇಳಿದೆ. ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತದೆ ನನಗೆ. ಅವಳು ಮಾತ್ರ ಆ ಮಾತನ್ನು ಎಷ್ಟೋ ದಿನ ತಲೆಯಲ್ಲಿ ಇಟ್ಟುಕೊಂಡಿದ್ದಳು.

ಅದೇ ಹೊತ್ತಿಗೆ ಅವಳ ಮನೆಯಲ್ಲಿ ಬೇರೆಯ ಚಿಂತೆ ಶುರುವಾಗಿತ್ತು. ಅವಳ ಮನೆಯಲ್ಲಿ ಮೂವರು. ಅವಳು, ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡ ಗಂಡ, ಅವಳ ಅಪ್ಪ. ಅಪ್ಪ ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು. ಕಂಬದಿಂದ ಕಂಬಕ್ಕೆ ನಡೆದು ತಂತಿ ಎಲ್ಲಿ ಕಟ್ಟಾಗಿದೆ ಎಂದು ಹುಡುಕುವುದೇ ಅವರ ಜೀವಮಾನದ ಕೆಲಸವಾಗಿತ್ತು. ಅವರಿಗೆ ಈಗ ಮರೆವು. ಊಟ ಮಾಡಿದ್ದು ಮರೆಯುತ್ತದೆ, ಅಳಿಯನ ಹೆಸರು ಮರೆಯುತ್ತದೆ, ಹೆಂಡತಿ ತೀರಿಕೊಂಡದ್ದು ಮರೆಯುತ್ತದೆ. ಡ್ಯೂಟಿ ಮಾತ್ರ ಮರೆಯುವುದಿಲ್ಲ. ಬೆಳಗಿನ ಟೀ ಕುಡಿದವರೇ ಹಳೆಯ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಒಂದೊಂದು ಕಂಬದ ಹತ್ತಿರವೂ ನಿಂತು, ತಟ್ಟಿ, ಕಿವಿಯಿಟ್ಟು ಕೇಳಿ, ಮುಂದಿನ ಕಂಬಕ್ಕೆ ಹೋಗುತ್ತಾರೆ.

ಒಂದು ಸಂಜೆ ಅವರು ಮನೆಗೆ ಬರಲಿಲ್ಲ. ಕೊನೆಗೆ ಸಿಕ್ಕಿದ್ದು ದೂರದ ರೈಲ್ವೆ ಗೋದಾಮಿನ ಬಳಿ, ಮಂಡಿ ಒಡೆದುಕೊಂಡು ಕಲ್ಲಿನ ಮೇಲೆ ಕೂತಿದ್ದರು. ಅವರನ್ನು ಎತ್ತಿಕೊಂಡು ಬಂದವನು ಬೇಲಿಯಮ್ಮನ ತಮ್ಮ. ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ ಅವನಿಗೆ, ಹತ್ತಿರದಲ್ಲೇ ಬೇರೆ ಮನೆ. ದಾರಿಯುದ್ದಕ್ಕೂ ಅತ್ತುಕೊಂಡು ಬಂದನಂತೆ. ಮಾರನೆಯ ದಿನ ಅಕ್ಕನ ಮನೆಯ ಮುಂದಿನ ಗ್ರಿಲ್ಲಿಗೆ ಅಂಗೈಯಗಲದ ಬೀಗ ತಂದು ಹಾಕಿದ. ಅವನು ಕೆಟ್ಟವನಲ್ಲ, ಹೆದರಿದವನು. ಆದರೂ ಆ ಬೀಗದ ಸುದ್ದಿ ಕೇಳಿ ನನಗೆ ಮೈ ಉರಿಯಿತು.

ಬೀಗ ಬಿದ್ದ ದಿನ ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಗ್ರಿಲ್ಲಿನ ಹಿಂದೆ ನಿಂತರು. ಅಳಿಯ ಕುರ್ಚಿ ತಂದು ಹಾಕಿದರೆ ಕೂರಲಿಲ್ಲ. ಊಟ ಬೇಡ ಎಂದರು. ಗೇಟು ತೆಗೆಯುವವರು ಇನ್ನೂ ಬಂದಿಲ್ಲ ಎಂದು ಒಂದೇ ಸಮನೆ ಹೇಳಿದರು, ಸಾಯಂಕಾಲದವರೆಗೂ. ಬೇಲಿಯಮ್ಮ ಕೆಲಸ ಮುಗಿಸಿ ಹೋದಾಗ ಇನ್ನೂ ಹಾಗೇ ನಿಂತಿದ್ದರು. ಅದನ್ನು ಮರುದಿನ ನನಗೆ ಹೇಳುವಾಗ ಅವಳು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅವಳು ತಮ್ಮನ ಹತ್ತಿರ ಕೆಲವು ವಾರಗಳ ಕಾಲಾವಕಾಶ ಬೇಡಿದಳು. ಅಪ್ಪನಿಗೆ ಎಲ್ಲಿ ಹೋಗಬೇಕು ಎಂದು ಮೊದಲು ತಿಳಿದುಕೊಳ್ಳುತ್ತೇನೆ, ಅಷ್ಟಕ್ಕೆ ಮಾತ್ರ ದಾರಿ ಬಿಟ್ಟು ಉಳಿದದ್ದನ್ನು ಮುಚ್ಚುತ್ತೇನೆ ಎಂದಳು.

"ಆಯ್ತಕ್ಕ" ಎಂದ ತಮ್ಮ. "ಆದ್ರೆ ಒಂದೇ ಒಂದು ಸಲ ಕೈತಪ್ಪಿ ಹೋದ್ರೂ ಬೀಗ ಬೀಳುತ್ತೆ. ಆಮೇಲೆ ನೀನು ಅದನ್ನ ತೆಗಿ ಅನ್ನೋ ಹಾಗಿಲ್ಲ."

ಅವಳು ಒಪ್ಪಿದಳು. ಒಪ್ಪಿದ ಮಾತಿಗೆ ತಪ್ಪುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇನ್ನು ಮೇಲೆ ಅಪ್ಪ ಕಂಬದಿಂದ ಕಂಬಕ್ಕೆ ನಡೆಯುವುದೋ, ಗ್ರಿಲ್ಲಿನ ಹಿಂದೆ ನಿಂತು ಉಳಿದ ಆಯುಷ್ಯ ಕಳೆಯುವುದೋ ಎಂಬುದು ಆ ಒಂದು ಮಾತಿನ ಮೇಲೆ ನಿಂತಿತು.

ರಜೆ ಬರೆದುಕೊಟ್ಟು ಹೊರಡುವಾಗ, "ಅಪ್ಪನ್ನ ಗೊಣಗುವ ಸ್ಥಿತಿಗೆ ಹಾಕ್ತಾ ಇದೀನಿ ಕಣೇ" ಎಂದಳು. ನನಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ಆದರೆ ಮಾತು ತಮಾಷೆಯದಾಗಿರಲಿಲ್ಲ. ದಿನಾ ಬೆಳಿಗ್ಗೆ ಅಪ್ಪ ಹೊರಟರೆ ಅವಳೂ ಹಿಂದೆ ಹೊರಟಳು, ಅವರ ಕಣ್ಣಿಗೆ ಬೀಳದಷ್ಟು ದೂರ ಬಿಟ್ಟು. ತಡೆಯಲಿಲ್ಲ, ಕೂಗಲಿಲ್ಲ, ಕೈಹಿಡಿಯಲಿಲ್ಲ. ಬಿಸಿಲಿಗೆ ಮುಖ ಕಪ್ಪಾಗಿ, ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಒಂದು ಮಧ್ಯಾಹ್ನ ನಮ್ಮ ಕೋಣೆಗೆ ಬಂದು ನೀರು ಕುಡಿದು ಹೇಳಿದಳು, ಅಪ್ಪ ಅಲೆಯುತ್ತಿಲ್ಲ ಎಂದು. ಜನ ಅಲೆದಾಟ ಎನ್ನುತ್ತಿದ್ದುದಕ್ಕೆ ಒಂದು ದಾರಿ ಇತ್ತು. ಮನೆಯಿಂದ ದರ್ಜಿ ಅಂಗಡಿಯ ಮೂಲೆ, ಅಲ್ಲಿಂದ ಔಷಧಿ ಅಂಗಡಿ, ನೀರಿನ ಟ್ಯಾಂಕು, ಕೊನೆಗೆ ದೊಡ್ಡ ರಸ್ತೆಯ ಈಚೆ ಬದಿಯ ಸೈಕಲ್ ಶಾಪು. ಎಲ್ಲ ಹಳೆಯ ಟೆಲಿಫೋನ್ ಕಂಬಗಳ ಸಾಲು. ಸೈಕಲ್ ಶಾಪಿನಲ್ಲಿ ಟ್ಯೂಬಿನ ಗಾಳಿ ಪರೀಕ್ಷಿಸುವುದನ್ನು ಸ್ವಲ್ಪ ಹೊತ್ತು ನೋಡಿ ತಿರುಗುತ್ತಾರೆ. ಆವತ್ತು ಗೋದಾಮಿನ ಕಡೆ ಹೋದದ್ದು ರಸ್ತೆ ಕೆಲಸದವರು ಒಂದು ಕಂಬ ಕಿತ್ತು ಪಕ್ಕಕ್ಕೆ ಹಾಕಿದ್ದರಿಂದ. ಕಂಬ ತಪ್ಪಿತು, ದಾರಿ ತಪ್ಪಿತು.

ಆಮೇಲೆ ಅವಳು ಬೇಲಿ ಕಟ್ಟಿದ ರೀತಿಗೆ ನಾನು ಬೆರಗಾದೆ. ಒಂದೊಂದು ನಿಲ್ದಾಣದವರನ್ನೂ ಹೋಗಿ ಮಾತಾಡಿಸಿದಳು. ಅಪ್ಪ ಬಂದರೆ ದರ್ಜಿ ಒಂದು ಮಾತು ಆಡಬೇಕು. ಔಷಧಿ ಅಂಗಡಿಯಾಕೆ ಒಂದು ಲೋಟ ನೀರು ಕೊಡಬೇಕು. ಅಪ್ಪ ಅವರನ್ನು ದಾಟಿ ಬೇರೆ ಕಡೆ ತಿರುಗಿದರೆ ಫೋನು ಮಾಡಬೇಕು. ದೊಡ್ಡ ರಸ್ತೆಯ ಆಚೆಗೆ ದಾರಿ ಇಲ್ಲ. ಆದರೆ ಕೈಹಿಡಿದು ನಿಲ್ಲಿಸುವುದು ಬೇಡ ಎಂದು ಸೈಕಲ್ ಶಾಪಿನವನಿಗೆ ಒಂದು ಮಾತು ಕಲಿಸಿಕೊಟ್ಟಳು. "ಇಲ್ಲಿಂದ ಮುಂದೆ ಬೇರೆ ಸೆಕ್ಷನ್‌ನವರು ನೋಡ್ಕೋತಾರೆ ಸಾರ್" ಎನ್ನಬೇಕು, ಅಷ್ಟೇ. ಲೈನ್‌ಮನ್ನನಿಗೆ ಅದಕ್ಕಿಂತ ದೊಡ್ಡ ತಡೆ ಬೇಕೆ? ಅಪ್ಪ ಅದನ್ನು ಕೇಳಿ ಹೌದೌದು ಎಂದು ತಲೆಯಾಡಿಸಿ ಹಿಂದಿರುಗಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಷ್ಟು ದಿನ ಗ್ರಿಲ್ಲಿಗೆ ತೆರೆದೇ ನೇತಾಡುತ್ತಿದ್ದ ಬೀಗವನ್ನು ತಮ್ಮ ತೆಗೆದು ತನ್ನ ಬೈಕಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಬಿಸಾಡಲಿಲ್ಲ, ಇಟ್ಟುಕೊಂಡ. ಬೇಲಿಯಮ್ಮ ಕೆಲಸಕ್ಕೆ ಮರಳಿದಳು. ಫೋನನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ದಿನಾ ಮಧ್ಯಾಹ್ನದ ಮುಂಚೆ ಸೈಕಲ್ ಶಾಪಿನವನ ಫೋನು ಬರುತ್ತಿತ್ತು, ಅಪ್ಪಾವರು ಬಂದರು, ತಿರುಗಿದರು ಎಂದು. ಆಗ ಅವಳು ಡಬ್ಬಿ ತೆರೆಯುತ್ತಿದ್ದಳು. ಮೊದಲ ಕೆಲವು ದಿನ ಎಲ್ಲ ಸರಿಯಾಗಿತ್ತು. ಅಪ್ಪ ಮನೆಗೆ ಬಂದವರು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿರುತ್ತಾರೆ ಎಂದು ಗಂಡ ಒಮ್ಮೆ ಹೇಳಿದನಂತೆ. ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ.

ಆ ದಿನ ಫೋನು ಬೇಗ ಬಂತು. ಸೈಕಲ್ ಶಾಪಿನವನ ಉಸಿರು ನನ್ನ ಮೇಜಿಗೂ ಕೇಳಿಸುತ್ತಿತ್ತು. ಅವನು ಕಲಿಸಿದ ಮಾತನ್ನೇ ಹೇಳಿದ್ದ. ಅಪ್ಪ ಸ್ವಲ್ಪ ಹೊತ್ತು ನಿಂತು, ಹಿಂದೆ ತಿರುಗಿ ನೋಡಿ, ಸೆಕ್ಷನ್ ಯಾರದಾದರೂ ಇರಲಿ ಬಿಡಪ್ಪ ಎಂದು ಕಾಲೇಜು ಹುಡುಗಿಯರ ಗುಂಪಿನ ಜೊತೆ ರಸ್ತೆ ದಾಟಿಬಿಟ್ಟರಂತೆ. ಇವನ ಕೈ ನೀರಿನ ತೊಟ್ಟಿಯಲ್ಲಿತ್ತು. ಒರೆಸಿಕೊಂಡು ಓಡುವಷ್ಟರಲ್ಲಿ ಮಾರುಕಟ್ಟೆಯ ಜನದಲ್ಲಿ ಅವರು ಕಾಣಲಿಲ್ಲ.

ಬೇಲಿಯಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಮೊದಲು ಮಾಡಿದ ಕೆಲಸ ತಮ್ಮನಿಗೆ ಫೋನು. ನಾನಾಗಿದ್ದರೆ ಸಿಕ್ಕ ಮೇಲೆ ಹೇಳೋಣ ಎಂದು ಮುಚ್ಚಿಡುತ್ತಿದ್ದೆ. ಅವಳು ಒಂದೇ ವಾಕ್ಯದಲ್ಲಿ, ಅಪ್ಪ ರಸ್ತೆ ದಾಟಿದ್ದಾರೆ, ಎಲ್ಲಿದ್ದಾರೆ ಗೊತ್ತಿಲ್ಲ ಎಂದಳು. ಆ ಕಡೆಯಿಂದ ಬೈಕು ಶುರುವಾದ ಸದ್ದು ಕೇಳಿಸಿತು. ಗಂಡ ಅಂಗಡಿ ಮುಚ್ಚಿ ಗೋದಾಮಿನ ಕಡೆ ಹೊರಟ.

ಅವಳು ಕುರ್ಚಿಯಲ್ಲಿ ಕೂತು ತಲೆ ಹಿಡಿದುಕೊಂಡಳು. ಅಷ್ಟು ವಾರ ನೋಡಿದೆ, ಒಂದು ದಿನವೂ ಆ ರಸ್ತೆ ದಾಟಲಿಲ್ಲ, ಒಂದು ದಿನವೂ ದಾಟಲಿಲ್ಲ ಎಂದು ಅದನ್ನೇ ಹೇಳತೊಡಗಿದಳು. ಸಂಕಟವಾದರೆ ನನಗೆ ಬರುವುದು ಸಿಟ್ಟೇ.

"ನಿನ್ನ ದಾರಿಹೋಕನೂ ಒಂದು ದಿನವೂ ಹೆಸರಿನ ಕಡತ ಕೇಳಿರ್ಲಿಲ್ಲ" ಎಂದು ರೇಗಿದೆ. "ಆವತ್ತು ಯಾಕೆ ಕೇಳ್ತು?"

ಏನೋ ಒಂದು ಅನ್ನಬೇಕೆಂದು ಅಂದದ್ದು. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ಆವತ್ತು ಓಡಿಸಿದ್ದು ನಾನಲ್ಲ, ನೀನು" ಎಂದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, "ಆಗೆಲ್ಲ ಅಪ್ಪನ ಹಿಂದೆ ನಾನಿದ್ದೆ. ಈಗ ನಾನಿಲ್ಲ" ಎಂದಳು.

ಎದ್ದು ನಿಂತಳು. ದೊಡ್ಡ ರಸ್ತೆ ದಾಟಿದರೆ ಆ ಕಂಬಗಳ ಸಾಲು ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಇಬ್ಬರ ಕಣ್ಣೂ ಕಿಟಕಿಯ ಹೊರಗಿನ ತುಕ್ಕು ಡಬ್ಬದ ಮೇಲೆ ಬಿತ್ತು. ಆಸ್ಪತ್ರೆಗೆ ಮೊದಲ ಟೆಲಿಫೋನ್ ತಂತಿ ಎಳೆದವರಲ್ಲಿ ಅವಳ ಅಪ್ಪನೂ ಒಬ್ಬರು ಎಂದು ಅವಳು ಯಾವಾಗಲೋ ಹೇಳಿದ್ದಳು, ನಾನು ಯಾವಾಗಲೋ ಮರೆತಿದ್ದೆ. ಗೋದಾಮಿನ ಕಡೆ ಬೇಡ, ಕಂಬ ಹಿಡಿದು ಆಸ್ಪತ್ರೆ ಕಡೆ ಬಾ ಎಂದು ತಮ್ಮನಿಗೆ ಮತ್ತೆ ಫೋನು ಮಾಡುತ್ತಲೇ ಹಿಂಬಾಗಿಲಿನಿಂದ ಓಡಿದಳು. ಏದುಸಿರು ಬಿಡುತ್ತ ನಾನೂ ಹಿಂದೆ ಓಡಿದೆ.

ಹಿತ್ತಿಲ ಗೇಟು ದಾಟಿದರೆ ಉದ್ದನೆಯ ಓಣಿ. ಒಂದು ಬದಿಗೆ ಆಸ್ಪತ್ರೆಯ ಕಾಂಪೌಂಡು, ಇನ್ನೊಂದು ಬದಿಗೆ ಮನೆಗಳ ಹಿಂಗೋಡೆ, ಒಣಹಾಕಿದ ಬಟ್ಟೆ. ಓಣಿಯ ಆ ತುದಿಯಲ್ಲಿ ಅವರು ಕಂಡರು. ಹೆಗಲಿಗೆ ಚೀಲ, ಬೆವರಿನಿಂದ ಬೆನ್ನಿಗಂಟಿದ ಅಂಗಿ. ಒಂದು ಕಂಬ ತಟ್ಟಿದರು, ಕಿವಿಯಿಟ್ಟರು, ಮುಂದಿನ ಕಂಬಕ್ಕೆ ಬಂದರು. ನಾನು ಓಡಿಹೋಗಿ ಹಿಡಿದುಕೊಳ್ಳಲು ಹೊರಟರೆ ಬೇಲಿಯಮ್ಮ ನನ್ನ ತೋಳು ಹಿಡಿದಳು. ಅವರು ಬರುವವರೆಗೂ ಅವಳು ಅಲ್ಲೇ ನಿಂತಳು. ಅಷ್ಟರಲ್ಲಿ ತಮ್ಮನೂ ಬಂದು, ಬೈಕನ್ನು ಗೋಡೆಗೆ ಒರಗಿಸಿ ಪೆಟ್ಟಿಗೆ ತೆರೆದ. ಬೀಗ ಅವನ ಕೈಯಲ್ಲಿತ್ತು. ಅಕ್ಕನಿಗೆ ತೋರಿಸುವುದಕ್ಕೇ ತೆಗೆದನೋ ಏನೋ. ಕೊಟ್ಟ ಮಾತು ಕೊಟ್ಟದ್ದೇ, ಅವಳು ಅದಕ್ಕೆ ತಲೆತಗ್ಗಿಸಿದಳು.

ಅಪ್ಪ ನಮ್ಮ ಹತ್ತಿರ ಬಂದು ಮಗಳನ್ನು ನೋಡಿದರು. ಮುಖದಲ್ಲಿ ಗಾಬರಿ ಇರಲಿಲ್ಲ, ಒಂದು ಕೆಲಸ ಮುಗಿದವರ ಸಮಾಧಾನ ಇತ್ತು.

"ದಿನಾ ಹಿಂದೆ ಬರ್ತಿದ್ದೆ" ಎಂದರು. "ಈಗ ಬರ್ತಾ ಇಲ್ಲ. ಎಲ್ಲಿ ಕಟ್ಟಾಯ್ತೋ ನೋಡೋಣ ಅಂತ ಬಂದೆ."

ಅವರಿಗೆ ಗೊತ್ತಿತ್ತು. ಅಷ್ಟೂ ದಿನ ಹಿಂದೆ ಬರುತ್ತಿದ್ದವಳು ಯಾರೆಂದು ಗೊತ್ತಿತ್ತು. ಅವಳು ಹಿಂದಿದ್ದಾಳೆ ಎಂದೇ ಸೈಕಲ್ ಶಾಪಿನಿಂದ ತಿರುಗುತ್ತಿದ್ದರು, ಕೆಲವು ದಿನ ಕಾದು ನೋಡಿ, ಅವಳಿಲ್ಲವೆಂದೇ ರಸ್ತೆ ದಾಟಿದರು. ಬೇಲಿಯಮ್ಮ ಓಣಿಯ ನಡುವೆಯೇ ಅಪ್ಪನ ಹೆಗಲಿಗೆ ಹಣೆಯಿಟ್ಟು ಅತ್ತಳು. ಅಪ್ಪ ಅವಳ ಬೆನ್ನು ತಟ್ಟಿದರು, ಕಂಬ ತಟ್ಟಿದಷ್ಟೇ ಮೆಲ್ಲಗೆ. ನಾನು ಬೇರೆ ಕಡೆ ನೋಡಿದೆ. ನೋಡಿದರೆ ತಮ್ಮನೂ ಬೇರೆ ಕಡೆ ನೋಡುತ್ತಿದ್ದ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

ಬೀಗ ಹಾಕುವ ಮಾತು ಮೊದಲು ಎತ್ತಿದವಳು ಬೇಲಿಯಮ್ಮನೇ. ಮಾತು ಕೊಟ್ಟಿದ್ದೆ, ಹಾಕು ಎಂದಳು. ತಮ್ಮ ಬೀಗವನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಕೈತಪ್ಪಿ ಹೋದ್ರೆ ಅಂತ ಅಲ್ವೇನಕ್ಕ ಹೇಳಿದ್ದು?" ಎಂದ. "ಅಪ್ಪ ಕೈತಪ್ಪಲಿಲ್ಲ. ನಿನ್ನ ಹತ್ರಾನೇ ಬಂದ್ರಲ್ಲ."

ಆಮೇಲೆ ಬೇಲಿಯಮ್ಮ ತನ್ನ ಬೇಲಿಗೆ ಒಂದು ಸಾಲು ಸೇರಿಸಿದಳು, ಮೊದಲು ಬಿಟ್ಟುಹೋಗಿದ್ದ ಸಾಲು. ಈಗ ಅಪ್ಪನಿಗೆ ಆಸ್ಪತ್ರೆಯ ಹಿತ್ತಿಲವರೆಗೂ ದಾರಿ ಇದೆ. ದೊಡ್ಡ ರಸ್ತೆಯನ್ನು ತಮ್ಮ ತನ್ನ ಊಟದ ಬಿಡುವಿನಲ್ಲಿ ಬಂದು ದಾಟಿಸುತ್ತಾನೆ, ವಾಪಸು ಅವನೇ ಕರೆದುಕೊಂಡು ಹೋಗುತ್ತಾನೆ. ಕೈಹಿಡಿಯುವುದಿಲ್ಲ, ಸ್ವಲ್ಪ ಹಿಂದೆ ನಡೆಯುತ್ತಾನೆ. ಆ ಬೀಗ ಈಗ ಅವರ ತಾರಸಿಯ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಇದೆ. ಕಪಿಗಳ ಕಾಟಕ್ಕೆ ಅದೇ ಸರಿ.

ಮಧ್ಯಾಹ್ನ ನಮ್ಮ ಕಿಟಕಿಯ ಹೊರಗೆ ತುಕ್ಕು ಡಬ್ಬ ತಟ್ಟಿದ ಸದ್ದಾಗುತ್ತದೆ. ಬೇಲಿಯಮ್ಮ ಎದ್ದು ಕಿಟಕಿ ತೆರೆದು, ಇದ್ದೀನಪ್ಪ ಎನ್ನುತ್ತಾಳೆ. ಅವರು ತಲೆಯಾಡಿಸಿ ತಿರುಗುತ್ತಾರೆ. ಡಬ್ಬ ಕೀಳಿಸಿ ಎಂಬ ಅರ್ಜಿಗಳನ್ನೆಲ್ಲ ನಾನು ವಾಪಸು ತೆಗೆದುಕೊಂಡೆ. ಹಾಗೆ ತೆಗೆದುಕೊಳ್ಳುವುದಕ್ಕೂ ಒಂದು ಅರ್ಜಿ ಬೇಕು ಎಂದರು ಆಫೀಸಿನವರು, ಅವರ ಹತ್ತಿರವೂ ಜಗಳವಾಯಿತು, ಅದಿರಲಿ.

ಮೊನ್ನೆ ಡಬ್ಬದ ಸದ್ದಾದಾಗ ಅವಳು ಸಾಹೇಬರ ಮೀಟಿಂಗಿನಲ್ಲಿದ್ದಳು. ನಾನೇ ಹೋಗಿ ಕಿಟಕಿ ತೆರೆದು, ಇದ್ದಾಳೆ, ಮೇಲೆ ಇದ್ದಾಳೆ, ನೀವು ಹೊರಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಮತ್ತೆ ಡಬ್ಬ ತಟ್ಟಿದರು. ಅವಳು ಇಳಿದು ಬಂದು ಓಗೊಡುವವರೆಗೂ ಆ ಬಿಸಿಲಿನಲ್ಲಿ ನಿಂತೇ ಇದ್ದರು. ಮಗನೂ ಅವರ ಹಿಂದೆ ನಿಂತಿದ್ದ.